ಎರಡು ಊರು, ಒಂದೇ ಕೆಮ್ಮು

ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ನಾನು ಕೊಪ್ಪಳ ಸೀಮೆಯ ವಾಣಿಜ್ಯ ಬಾತ್ಮೀದಾರನಾಗಿದ್ದೆ ಎಂದರೆ, ಕೇಳಿದವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಇನ್ನೊಮ್ಮೆ ಕೇಳುತ್ತಾರೆ. ಅವರ ತಪ್ಪೇನಿಲ್ಲ. ಎಂಬತ್ತರ ದಶಕದ ನಡುವಿನ ಆ ದಿನಗಳಲ್ಲಿ ನನ್ನ ಬಳಿ ಇದ್ದದ್ದು ಬಾಡಿಗೆಯ ಸೈಕಲ್ಲು, ಒಂದನ್ನು ಒಗೆದರೆ ಇನ್ನೊಂದನ್ನು ತೊಡುವಷ್ಟು ಅಂಗಿ, ಮತ್ತು ಒಮ್ಮೆ ಕೇಳಿದ ದನಿಯನ್ನು ಹಾಗೇ ತಿರುಗಿ ಹೇಳುವ ವಿದ್ಯೆ. ಕುಷ್ಟಗಿ ಬಸ್ಸಿನ ಕಂಡಕ್ಟರು ಮೂಗಿನಿಂದ 'ರೈಟ್' ಎನ್ನುವುದನ್ನು ನಾನು ಅಂದರೆ ಡ್ರೈವರು ಗೇರು ಹಾಕಿಬಿಡುತ್ತಿದ್ದ. ಟ್ರಂಕ್ ಕಾಲ್ ಆಪರೇಟರಮ್ಮ 'ಹುಬ್ಬಳ್ಳೀ... ಹುಬ್ಬಳ್ಳೀ...' ಎಂದು ತಪ್ಪಿಸಿಕೊಂಡ ಎಮ್ಮೆಯನ್ನು ಕೂಗಿದಂತೆ ಕೂಗುವುದನ್ನು ಅವಳೆದುರಿಗೇ ಮಾಡಿ ತೋರಿಸಿ ಬೈಸಿಕೊಂಡಿದ್ದೆ. ನನ್ನ ಸ್ವಂತ ದನಿ ಯಾವುದು ಎಂದರೆ ಮಾತ್ರ ಗೊತ್ತಿಲ್ಲ. ಅದನ್ನು ಯಾರೂ ಹೋಟೆಲಿನಲ್ಲಿ ಕೂರಿಸಿ, ಚಹಾ ಕುಡಿಸಿ ಕೇಳಿದ್ದಿಲ್ಲ.

ಭತ್ತ, ಜೋಳ, ಹತ್ತಿಯ ದರ ಕಳಿಸುವುದು ದಿನದ ಕೆಲಸ. ಅದರ ಜೊತೆಗೆ ವಾರಕ್ಕೊಮ್ಮೆ ಹೊಸ ಯಂತ್ರಗಳ ಬಗ್ಗೆ ಒಂದು ಅಂಕಣ. ಗಂಗಾವತಿಯಲ್ಲಿ ವಿಡಿಯೊ ತೋರಿಸುವ ಮನೆಗಳು ಹುಟ್ಟಿದ್ದು, ಅದರಿಂದ ಟೆಂಟ್ ಟಾಕೀಸಿನವರ ಹೊಟ್ಟೆಯ ಮೇಲೆ ಬರೆ ಬಿದ್ದದ್ದು, ಟೇಪ್ ರೆಕಾರ್ಡರ್ ಬಂದು ಮದುವೆಯ ಬಾಜಾದವರು ಸುಮ್ಮನಾದದ್ದು, ಟೆಲಿಫೋನಿಗೆ ಅರ್ಜಿ ಹಾಕಿದವರು ಅಜ್ಜಂದಿರಾದದ್ದು, ಎಲ್ಲ ನಾನೇ ಬರೆಯುತ್ತಿದ್ದೆ. ಇಷ್ಟು ಬರೆದವನ ಕೋಣೆಯಲ್ಲಿ ಟೆಲಿಫೋನ್ ಹಾಗಿರಲಿ, ಕರೆಂಟೂ ಇರಲಿಲ್ಲ. ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ, ಬೆಂಚಿನ ಮೇಲೆ ಕೂತು, ಲೈನು ಸಿಕ್ಕಾಗ ಊರಿಗೆಲ್ಲ ಕೇಳುವಂತೆ ಸುದ್ದಿ ಒದರುವುದು. ಮರುದಿನ ಪತ್ರಿಕೆ ಬರುವಷ್ಟರಲ್ಲಿ ಅದು ಊರಿಗೆ ಹಳೆಯದಾಗಿರುತ್ತಿತ್ತು.

ಆಗ ಗಂಗಾವತಿಯಲ್ಲಿ ರೇಡಿಯೊ ಅಂಗಡಿಯ ಒಬ್ಬ ವ್ಯಾಪಾರಿ ಟೀವಿಗೆ ಮುಂಗಡ ಹಿಡಿಯತೊಡಗಿದ. ನಮ್ಮ ಕಡೆ ಟೀವಿಯ ಟವರ್ ಇನ್ನೂ ಬಂದಿರಲಿಲ್ಲ. ಬಂದ ದಿನ ಸೆಟ್ಟಿಗೆ ಬಡಿದಾಡಬೇಕಾಗುತ್ತದೆ, ಈಗಲೇ ಹೆಸರು ಹಚ್ಚಿರಿ, ಟವರ್ ಬರುವ ತನಕ ನನ್ನ ಬೂಸ್ಟರ್ ಮಷೀನಿನಿಂದ ಚಿತ್ರ ಎಳೆದು ತೋರಿಸುತ್ತೇನೆ ಎಂಬುದು ಅವನ ಮಾತು. ಮಾತು ಮಾತಿಗೆ 'ಬಾಬು' ಎನ್ನುತ್ತಿದ್ದ. ನನ್ನನ್ನೂ ಬಾಬು ಅನ್ನುತ್ತಿದ್ದ, ತನ್ನ ಮೋಟರ್ ಸೈಕಲ್ಲನ್ನೂ ಬಾಬು ಅನ್ನುತ್ತಿದ್ದ. ಅವನ ಜಾಣತನ ಒಂದೇ: ಹಳ್ಳಿಗಳಲ್ಲಿ ತಾನು ಮುಂಗಡ ಕೇಳುತ್ತಿರಲಿಲ್ಲ. ಪ್ರತಿ ಊರಿನಲ್ಲಿ ಶಾಲೆಯ ಮಾಸ್ತರನ್ನು ಹಿಡಿಯುತ್ತಿದ್ದ. ಮಾಸ್ತರು ಹೇಳಿದ ಮೇಲೆ ಜನ ಇನ್ನೊಂದು ಮಾತಾಡುವುದಿಲ್ಲವಲ್ಲ.

ಯಲಬುರ್ಗಾ ತಾಲ್ಲೂಕಿನ ಮಂಗಳೂರು ಎಂಬ ಹಳ್ಳಿಯಲ್ಲಿ ಅವನಿಗೆ ಸಿಕ್ಕ ಮಾಸ್ತರು ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುವುದು ರೂಢಿ. ಮಾಮಾ ಕಮಿಷನ್ನಿಗೆ ಬಿದ್ದವರಲ್ಲ, ಅದನ್ನು ಬೇಡವೆಂದೇ ಹೇಳಿದ್ದರು. 'ನಮ್ಮ ಹುಡುಗ್ರು ಭೂಪಟದಾಗ ನೋಡಿದ್ದನ್ನ ಖರೇನ ನೋಡ್ತಾರ' ಎಂಬ ಹುಚ್ಚು ಅವರಿಗೆ. ಹತ್ತಿ ಮಾರಿ ಬಂದವರು ದಾರಿಯಲ್ಲೇ ಶಾಲೆಗೆ ಹೊಕ್ಕು ಅವರ ಕೈಯಲ್ಲಿ ಮುಂಗಡ ಇಟ್ಟು ಹೋಗುತ್ತಿದ್ದರು. ಮಾಮಾ ಅದನ್ನು ಗಂಗಾವತಿಗೆ ಮುಟ್ಟಿಸುತ್ತಿದ್ದರು.

ವ್ಯಾಪಾರಿಯ ಮೊದಲ ಪ್ರದರ್ಶನ ಕುಷ್ಟಗಿಯಲ್ಲಿ, ಒಂದು ರವಿವಾರ ಸಂಜೆ. ಹತ್ತಿ ದಲಾಲರ ಅಡತಿ ಅಂಗಡಿಯೊಂದರ ಮುಂದಿನ ಬಯಲಿನಲ್ಲಿ ಮೇಜು, ಮೇಜಿನ ಮೇಲೆ ಟೀವಿ. ಮಾಳಿಗೆಯ ಮೇಲೆ ಅವನ ಆಳು ಒಬ್ಬ ಉದ್ದನೆಯ ಪೈಪು ಹಿಡಿದು ನಿಂತಿದ್ದ. ಪೈಪಿನ ತುದಿಗೆ ಆಂಟೆನಾ. ಬೂಸ್ಟರ್ ಮಷೀನು ಅಂಗಡಿಯ ಒಳಗೆ ಬೀಗದಲ್ಲಿತ್ತು. 'ಮುಟ್ಟಿದ್ರ ಶಾಕ್ ಹೊಡೀತೈತಿ ಬಾಬು.'

"ಬಂತೇನ್ರಿ?" ಮಾಳಿಗೆಯಿಂದ ಕೂಗು.

"ಇಲ್ಲೋ, ಇನ್ನೊಂದೀಟು ತಿರುವು!"

"ಈಗ?"

"ಬಂತು, ಬಂತು! ಅಲ್ಲೇ ಹಿಡಿ, ಅಳ್ಳಾಡಬ್ಯಾಡ!"

ರಾಶಿ ತೂರುವಾಗ ಹೊಟ್ಟು ಹಾರುವಂತೆ ಚುಕ್ಕಿಗಳು ಹಾರುತ್ತಿದ್ದವು. ಅವುಗಳ ನಡುವೆ ಒಬ್ಬ ಹೆಣ್ಣುಮಗಳು ವಾರ್ತೆ ಓದುತ್ತಿದ್ದಳು. ಎಲ್ಲಿಯೋ ಒಂದು ಸೇತುವೆಯ ಶಂಕುಸ್ಥಾಪನೆ. ಸೇತುವೆಯ ಉದ್ದ ಹೇಳುವಲ್ಲಿ ಅವಳಿಗೆ ಕೆಮ್ಮು ಬಂತು. ಎರಡು ಸಣ್ಣ ಕೆಮ್ಮು, ಒಂದು ಬಿಡುವು, ಆಮೇಲೆ 'ಕ್ಷಮಿಸಿ'.

"ಯವ್ವಾ, ಕೂಸಿಗೆ ಗಂಟಲು ಹಿಡದೈತಿ. ಯಾರರ ಒಂದೀಟು ನೀರು ಕೊಡ್ರೆಪಾ" ಎಂದಳು ಮುಂದೆ ಕೂತಿದ್ದ ಮುದುಕಿ.

ಈ ಪ್ರಸಂಗ ನನಗೆ ಹಬ್ಬವಾಯಿತು. ಮರುದಿನದಿಂದ ಎಲ್ಲ ಹೋಟೆಲುಗಳಲ್ಲಿ ನನ್ನದು ಒಂದೇ ಆಟ: ಹೆಗಲ ಮೇಲೆ ಟವೆಲನ್ನು ಸೆರಗಿನಂತೆ ಹೊದ್ದು ಇಡೀ ವಾರ್ತೆಯನ್ನು ಕೆಮ್ಮಿನ ಸಮೇತ ಓದುವುದು. ಚಹಾಕ್ಕೆ ಆ ವಾರ ನಾನು ಜೇಬಿಗೆ ಕೈ ಹಾಕಲಿಲ್ಲ.

ಗುರುವಾರ ಯಲಬುರ್ಗಾದಲ್ಲಿ ಎರಡನೇ ಪ್ರದರ್ಶನ. ಅಂಕಣಕ್ಕೆ ಇನ್ನೆರಡು ಸಾಲು ಸಿಕ್ಕಾವೆಂದು ಹೋದೆ. ಮತ್ತೆ ಪೈಪು, ಮತ್ತೆ 'ಬಂತೇನ್ರಿ', ಮತ್ತೆ ಅವಳೇ. ಮತ್ತೆ ಶಂಕುಸ್ಥಾಪನೆ. ನನಗೆ ಏನೂ ಅನ್ನಿಸಲಿಲ್ಲ. ಸರ್ಕಾರ ದಿನಾ ಎಲ್ಲಾದರೂ ಒಂದು ಕಲ್ಲು ಇಡುತ್ತಲೇ ಇರುತ್ತದೆ. ಆದರೆ ನನ್ನ ತುಟಿಗಳು ತಾವಾಗಿ ಅಲ್ಲಾಡುತ್ತಿದ್ದವು. ನಾನು ಅವಳ ಜೊತೆಗೆ ಓದುತ್ತಿದ್ದೆ. ಇಲ್ಲ, ಅವಳಿಗಿಂತ ಒಂದು ಮಾತು ಮುಂದಿದ್ದೆ. ಸೇತುವೆಯ ಉದ್ದ ಬಂತು. ಎರಡು ಸಣ್ಣ ಕೆಮ್ಮು. ಬಿಡುವು. ಕ್ಷಮಿಸಿ.

ಆಕಾಶದಿಂದ ಬರುವ ವಾರ್ತೆ ರವಿವಾರ ಕೆಮ್ಮಿದ ಕಡೆಯೇ ಗುರುವಾರ ಕೆಮ್ಮಲಾರದು. ಬೀಗ ಹಾಕಿದ ಕೋಣೆಯಲ್ಲಿ ಬೂಸ್ಟರೂ ಇಲ್ಲ ಗೀಸ್ಟರೂ ಇಲ್ಲ, ವಿಡಿಯೊ ಮಷೀನಿನೊಳಗೆ ಯಾವುದೋ ದೊಡ್ಡ ಊರಿನಲ್ಲಿ ತುಂಬಿಸಿಕೊಂಡು ಬಂದ ಕ್ಯಾಸೆಟ್ಟು ತಿರುಗುತ್ತಿದೆ. ದಿನದ ಪತ್ರಿಕೆಯೇ ತಡವಾಗಿ ಬರುವ ಊರುಗಳಲ್ಲಿ ಸುದ್ದಿ ಹಳೆಯದೆಂದು ಯಾರಿಗೆ ತಿಳಿಯಬೇಕು? ಸುತ್ತ ಕೂತವರು ಬಾಯಿ ತೆರೆದು ನೋಡುತ್ತಿದ್ದರು. ನನಗೆ ಮಾತ್ರ ಮಾಮಾನ ಮುಖ, ಅವರ ಕೈಯಲ್ಲಿ ಮುಂಗಡ ಇಟ್ಟು ಹೋದವರ ಮುಖಗಳು ಕಾಣತೊಡಗಿದವು.

ಮರುದಿನ ಬೆಳಿಗ್ಗೆ ಯಲಬುರ್ಗಾದ ಅಂಚೆ ಕಚೇರಿಯಿಂದ ಹುಬ್ಬಳ್ಳಿಗೆ ಕಾಲ್ ಹಚ್ಚಿದೆ. ವಾಣಿಜ್ಯ ಪುಟ ನೋಡುತ್ತಿದ್ದ ಹಿರಿಯ ಉಪಸಂಪಾದಕರು ಎಲೆ ಅಡಿಕೆ ಬಾಯಿಯವರು.

"ಪುರಾವೆ ಏನೈತಪಾ?"

"ಕೆಮ್ಮು ಸರ್."

"ಏನಂದಿ?"

ನಾನು ಕೆಮ್ಮಿ ತೋರಿಸಿದೆ. ನಡುವೆ ಕಿವಿಗೊಟ್ಟಿದ್ದ ಆಪರೇಟರಮ್ಮ ಕಿಸಕ್ಕನೆ ನಕ್ಕಳು.

"ಇವತ್ತು ಕೆಮ್ಮಿನ ಮ್ಯಾಲೆ ಸುದ್ದಿ ಬರೀತಿ, ನಾಳೆ ಸೀನಿನ ಮ್ಯಾಲೆ ಬರೀತಿ. ಆ ಮನಶ್ಯಾ ವಾರಾ ವಾರಾ ಜಾಹೀರಾತು ಕೊಡ್ತಾನ, ಗೊತ್ತೈತಿಲ್ಲೋ? ಅದರ ಕಮಿಷನ್ನಿನಾಗ ನಿಂದೂ ಪಾಲೈತಿ. ಮುಂಗಡ ಕೊಟ್ಟಾವ ಒಬ್ಬನ್ನ ಕರಕೊಂಡು ಬಾ. ಹೆಸರು ಹೇಳಿ 'ನನಗ ಮೋಸ ಆಗೈತಿ' ಅನ್ಲಿ. ಹಾಕ್ತೀನಿ. ಇಲ್ಲಂದ್ರ ಹತ್ತಿ ದರ ಹೇಳು, ಟೈಮ್ ಆತು."

ಹತ್ತಿ ದರ ಹೇಳಿದೆ. ಅಲ್ಲಿಂದ ನೇರ ಮಂಗಳೂರಿಗೆ ಬಸ್ಸು ಹತ್ತಿದೆ.

ಮಾಮಾ ಶಾಲೆ ಬಿಟ್ಟು ಬಂದು ಕಾಲು ತೊಳೆಯುತ್ತಿದ್ದರು. ನಾನು ಎಲ್ಲ ಹೇಳಿದೆ. ಹೇಳುವ ಭರದಲ್ಲಿ ವಾರ್ತೆಯವಳಾದೆ, ಮಾಳಿಗೆಯ ಆಳಾದೆ, ವ್ಯಾಪಾರಿಯೂ ಆದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ನಗುತ್ತ ಸೆರಗು ಬಾಯಿಗೆ ಹಿಡಿದಳು. ಅಲ್ಲಿಗೇ ಕೆಲಸ ಕೆಟ್ಟಿತು.

"ಅಲ್ಲೋ ತಮ್ಮಾ," ಎಂದರು ಮಾಮಾ, "ನೀ ಕಂಡಕಂಡವ್ರನ್ನೆಲ್ಲಾ ಅಣಕಸ್ತಿ. ಅಣಕಿಸಿ ಅಣಕಿಸಿ ಈಗ ನಿನಗ ಖರೇ ಮಂದೀನೂ ಅಣಕಿಸಿದಂಗ ಕಾಣಾಕತ್ಯಾರ."

"ಮಾಮಾ, ನಾ ಚ್ಯಾಷ್ಟಿ ಮಾಡಾಕತ್ತಿಲ್ರಿ."

"ಸಣ್ಣಾವ ಇದ್ದಾಗೂ ಹಿಂಗ ಅಂತಿದ್ದ," ಎಂದಳು ಅಕ್ಕ. "ನಮ್ಮವ್ವನ ದನಿ ತಗದು ನನ್ನ ಬಾವಿಯಿಂದ ಮನಿತನಾ ಓಡಿಸ್ತಿದ್ದ. ಬಂದು ಕೇಳಿದ್ರ, ನಾನಲ್ಲಬೇ, ಖರೇನ ಅವ್ವ ಕರದ್ಲು ಅಂತಿದ್ದ."

ಮಾಮಾ ಪಂಚೆಗೆ ಕೈ ಒರೆಸಿಕೊಂಡರು. "ಸೋಮವಾರ ನಮ್ಮ ಸಾಲ್ಯಾಗ ತೋರಸ್ತಾರ. ಕುಂತು ನೋಡು. ಅವತ್ತೂ ಆಕಿ ಕೆಮ್ಮಿದ್ರ ಮಾತಾಡೂಣು."

ಅವರು ಒಳಗೆ ಹೋದ ಮೇಲೆ ಅಕ್ಕ ನನ್ನ ತೋಳು ಹಿಡಿದಳು. ಈಗ ಅವಳ ಮುಖದಲ್ಲಿ ನಗೆ ಇರಲಿಲ್ಲ. "ಒಂದ ವ್ಯಾಳೆ ಖರೇ ಇತ್ತಂದ್ರ? ಇವ್ರು ಈ ಊರಾಗ ತಲಿ ಎತ್ತಿ ಹೆಂಗ ಅಡ್ಡಾಡ್ಬೇಕೋ? ಇವ್ರ ಮಾರಿ ನೋಡಿ ಕೊಟ್ಟಾರೋ ಎಲ್ಲಾರೂ."

ಸೋಮವಾರದ ತನಕ ನಾನು ಹುಚ್ಚನಂತೆ ತಿರುಗಿದೆ. ಮುಂಗಡ ಕೊಟ್ಟವರನ್ನು ಕುಷ್ಟಗಿಯಲ್ಲಿ ಹುಡುಕಿ ಹೆಸರು ಕೊಡಿ ಎಂದು ಕೇಳಿಕೊಂಡೆ. ಒಬ್ಬ, ಮೊದಲು ಕೆಮ್ಮಿ ತೋರಿಸು ಎಂದ. ಮಾಡಿದೆ. ಅವನು ಅಣ್ಣತಮ್ಮಂದಿರನ್ನು ಕರೆದು ಇನ್ನೊಮ್ಮೆ ಮಾಡಿಸಿದ. ಚಹಾ ಕುಡಿಸಿದ. ಹೆಸರು ಕೊಡಲಿಲ್ಲ. ನಗಿಸುವವನ ಮಾತು ನಂಬುವುದು ನಮ್ಮ ಜನಕ್ಕೆ ರೂಢಿಯಿಲ್ಲ. ಆ ರೂಢಿ ಬೆಳೆಯದಂತೆ ಮಾಡಿದವನೂ ನಾನೇ.

ಸೋಮವಾರ ಸಂಜೆ ಮಂಗಳೂರಿನ ಶಾಲೆಯ ಅಂಗಳ ತುಂಬಿತ್ತು. ಟೀವಿ ಪಡಸಾಲೆಯಲ್ಲಿ. ಅದರ ಬೆನ್ನಿನಿಂದ ಹೊರಟ ವೈರು ಕಿಟಕಿಯ ಮೂಲಕ ಸಾಮಾನಿನ ಕೋಣೆಗೆ ಹೋಗಿತ್ತು. ಉಪ್ಪಿಟ್ಟಿನ ರವೆಯ ಚೀಲ, ಭೂಪಟಗಳನ್ನು ಇಡುವ ಆ ಕೋಣೆಯಲ್ಲಿ ಮಾಮಾ ತಾವೇ ಜಾಗ ಮಾಡಿ ಅದರ ಒಂದು ಕೀಲಿಯನ್ನು ವ್ಯಾಪಾರಿಗೆ ಕೊಟ್ಟಿದ್ದರು; ಅವನು ಒಳಗೆ ಬೂಸ್ಟರ್ ಇದೆಯೆಂದು ಬೀಗ ಹಾಕಿದ್ದ. ಆಳು ಮಾಳಿಗೆ ಹತ್ತಿ ಪೈಪು ತಿರುವಿದ. ಬಂತೇನ್ರಿ, ಬಂತು. ವಾರ್ತೆಯವಳು ಬಂದಳು. ಜನ 'ಹೋ' ಎಂದರು.

ನಾನು ಎದ್ದು ಟೀವಿಯ ಪಕ್ಕಕ್ಕೆ ಹೋಗಿ ನಿಂತೆ. ಬೇರೆ ದಾರಿ ಇರಲಿಲ್ಲ. ಬರುವುದು ನನಗೆ ಅದೊಂದೇ. ಅವಳ ದನಿ ತೆಗೆದು, ಅವಳಿಗಿಂತ ಒಂದು ವಾಕ್ಯ ಮುಂದೆ, ಗಟ್ಟಿಯಾಗಿ ಓದತೊಡಗಿದೆ. ನಾನು ಹೇಳಿದ್ದನ್ನು ಅವಳು ಹೇಳುತ್ತಾಳೆ, ನಾನು ಮತ್ತೆ ಮುಂದಿನದನ್ನು. ಮೊದಲು ಜನ ನಕ್ಕರು. ಆಮೇಲೆ ನಗು ನಿಂತಿತು. ಈಗ ತಿಳಿಯಿತು, ತಿಳಿದೇಬಿಟ್ಟಿತು ಎಂದುಕೊಂಡೆ. ಸೇತುವೆಯ ಉದ್ದಕ್ಕೆ ಬಂದು, ಅವಳಿಗಿಂತ ಮುಂಚೆ, ಎರಡು ಸಲ ಕೆಮ್ಮಿ 'ಕ್ಷಮಿಸಿ' ಎಂದೆ. ಅವಳೂ ಕೆಮ್ಮಿದಳು. ಕ್ಷಮಿಸಿ ಎಂದಳು.

ನಡುವಿನಿಂದ ಒಬ್ಬ ಎದ್ದ. "ನೋಡ್ರೆಪಾ! ನಾವು ಇವನ್ನ ಬರೇ ನಗಸಾಂವ ಅಂತ ತಿಳಿದಿದ್ವಿ. ಪೇಪರನಾಂವ ಅದಾನಲ್ಲ, ಈ ಸುದ್ದಿ ಇವನ ಬರದು ಕೊಟ್ಟಾನ! ತಾ ಬರದದ್ದು ತನಗ ಬಾಯಿಪಾಠ ಇರಂಗಿಲ್ಲೇನು?"

"ಹೌದಲ್ಲೋ!" ಎಂದಿತು ಅಂಗಳ.

ವ್ಯಾಪಾರಿಗೆ ದೇವರು ಪ್ರತ್ಯಕ್ಷವಾದಂತಾಯಿತು. "ಅದನ್ನ ಹೇಳೋಣಂತಿದ್ದೆ ಬಾಬು! ನಿಮ್ಮ ಮಾಸ್ತರ ಭಾವಮೈದುನ ಬರದ ಸುದ್ದಿ ಅಲ್ಲೀತನಕ ಹೋಗಿ, ಆಕಾಶದಿಂದ ತಿರುಗಿ ನಿಮ್ಮ ಸಾಲಿಗೇ ಬಂತು!"

ಚಪ್ಪಾಳೆ ಬಿತ್ತು. ಜೀವಮಾನದಲ್ಲಿ ನನಗೆ ಅಷ್ಟು ದೊಡ್ಡ ಚಪ್ಪಾಳೆ ಬಿದ್ದಿರಲಿಲ್ಲ. ಅಲ್ಲ, ಅಲ್ಲ ಎಂದು ನಾನು ಕೈ ಆಡಿಸಿದ್ದನ್ನು ವಿನಯವೆಂದುಕೊಂಡರು. ಇಬ್ಬರು ಅಲ್ಲಿಯೇ ಎದ್ದು ಬಂದು ತಮಗೂ ಒಂದೊಂದು ಸೆಟ್ಟು ಹಿಡಿಯಿರಿ ಎಂದರು. ನನಗೆ ಅಳು ಬಂತು. ಅಳುವುದನ್ನೂ ಇವನು ಎಷ್ಟು ಛಲೋ ಮಾಡುತ್ತಾನೆ ಎಂದಾರೆಂಬ ಹೆದರಿಕೆಯಿಂದ ತಡೆದುಕೊಂಡೆ.

ಆಗ ಒಬ್ಬ ಮುದುಕ ಹಲ್ಲಿಲ್ಲದ ಬಾಯಿ ತೆರೆದು ಚ್ಯಾಷ್ಟಿ ಮಾಡಿದ. "ಎಲ್ಲಾ ಖರೇಪಾ. ಆಕಿ ಕೆಮ್ಮಬೇಕಂತನೂ ನೀನ ಬರದು ಕೊಟ್ಟಿದ್ದೇನು?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮಾಮಾ ನಗಲಿಲ್ಲ. ನಗುವಿನ ನಡುವೆ ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದರು: "ಮುಂದೇನೈತಿ?"

"ಕ್ರೀಡೆ. ಅದಾದಮ್ಯಾಲೆ ಆಕಿ ಹಾಳಿ ತಪ್ಪಿ ತಿರುವ್ಯಾಳ. ಒಂದು ಗಳಿಗಿ ಸುಮ್ಮನಿದ್ದು, ಎಡಗೈಲೆ ಸೆರಗು ಸರಿ ಮಾಡ್ಕೋತಾಳ."

ನಾವಿಬ್ಬರೂ ನೋಡುತ್ತ ನಿಂತೆವು. ಕ್ರೀಡೆ ಮುಗಿಯಿತು. ಅವಳು ಹಾಳೆ ತಿರುವಿ ತಡೆದಳು. ಎಡಗೈ ಸೆರಗಿಗೆ ಹೋಯಿತು.

ಮಾಮಾ ಸುಮ್ಮನಿರಬಹುದಿತ್ತು. ಪ್ರದರ್ಶನ ಮುಗಿಸಿ, ಬೆಳಿಗ್ಗೆ ವ್ಯಾಪಾರಿಯ ಕೈ ಕಾಲು ಹಿಡಿದು ತಮ್ಮ ಊರಿನವರ ಮುಂಗಡವಷ್ಟನ್ನೇ ತಿರುಗಿ ತರಲು ನೋಡಬಹುದಿತ್ತು. ಕಣ್ಣಿನಲ್ಲಿ ಅದೆಲ್ಲ ಬಂದು ಹೋದದ್ದನ್ನು ನಾನು ಕಂಡೆ. ಜೇಬಿಗೆ ಕೈ ಹಾಕಿ ಆ ಕೋಣೆಯ ಇನ್ನೊಂದು ಕೀಲಿ ತೆಗೆದರು. ಸಾಮಾನಿನ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು, ಹಾಜರಿ ಕರೆಯುವವರಂತೆ ಊರ ಹಿರಿಯರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು.

ಬಲ್ಬಿನ ಬೆಳಕಿನಲ್ಲಿ, ಎರಡು ರವೆ ಚೀಲಗಳ ಮೇಲೆ ವಿಡಿಯೊ ಮಷೀನು ಕೂತಿತ್ತು.

"ಯಾವ ಗುಂಡಿ?" ಎಂದು ಮಾಮಾ ನನ್ನನ್ನು ಕೇಳಿದರು. ತೋರಿಸಿದೆ. ಒತ್ತಿದರು. ಹೊರಗೆ ವಾರ್ತೆಯವಳು ಹೋಗಿ ಬರೇ ಚುಕ್ಕಿ ಉಳಿದವು.

ಮಾಳಿಗೆಯ ಮೇಲಿನ ಆಳು ಇನ್ನೂ ಪೈಪು ಹಿಡಿದೇ ಇದ್ದ. "ಹೋತೇನ್ರಿ? ತಿರುವ್ಲೇನ್ರಿ?"

"ಹಿಂದಕ ಒಯ್ಯಿ," ಎಂದರು ಮಾಮಾ. ಹಿಂದಕ್ಕೆ ಒಯ್ದು ಬಿಟ್ಟೆ. ಅವಳು ಕೆಮ್ಮಿದಳು. "ಮತ್ತೊಮ್ಮೆ." ಮತ್ತೆ ಕೆಮ್ಮಿದಳು. "ಇನ್ನೊಮ್ಮೆ." ಹಿಂದಿನ ಸಾಲಿನ ದಡ್ಡ ಹುಡುಗನಿಗೂ ತಿಳಿಯುವ ತನಕ ಮಗ್ಗಿ ಹೇಳಿಸುವವರಂತೆ ಮಾಮಾ ಅವಳನ್ನು ಕೆಮ್ಮಿಸಿದರು. ಎಲ್ಲೋ ಮೋಟರ್ ಸೈಕಲ್ಲು ಹೊತ್ತಿದ ಸದ್ದಾಯಿತು. ವ್ಯಾಪಾರಿ ಹೋಗಿದ್ದ. ಸೆಟ್ಟನ್ನೂ, ಮಾಳಿಗೆಯ ಆಳನ್ನೂ ಬಿಟ್ಟೇ ಹೋಗಿದ್ದ.

ಹಲ್ಲಿಲ್ಲದ ಆ ಮುದುಕನೇ ಮೊದಲು ಮಾತಾಡಿದ್ದು. ಬೈಗುಳವಲ್ಲ. ತಿಳಿಯದ ಲೆಕ್ಕ ಕೇಳಿದಂತೆ ಕೇಳಿದ.

"ಕೀಲಿ ನಿಮ್ಮ ಕಡೇನ ಇತ್ತಲ್ರಿ ಮಾಸ್ತರ?"

ಮಾಮಾ ಕೈಯಲ್ಲಿದ್ದ ಕೀಲಿಯನ್ನು ನೋಡಿಕೊಂಡರು. ಹೆಂಗಸರ ಗುಂಪಿನಲ್ಲಿದ್ದ ಅಕ್ಕ ಎದ್ದು, ಯಾರಿಗೂ ಮುಖ ಕೊಡದೆ ಮನೆಗೆ ನಡೆದಳು.

ಬೆಳಿಗ್ಗೆ ಮಾಮಾನ ಮನೆಯ ಕಟ್ಟೆಯ ಮೇಲೆ ಮುಂಗಡ ಕೊಟ್ಟವರು ಕೂತಿದ್ದರು. ಜಗಳ ಮಾಡಲಿಲ್ಲ. ಮಾಡಿದ್ದರೆ ಎಷ್ಟೋ ಮೇಲಾಗಿತ್ತು. ಅಕ್ಕ ಒಲೆಯ ಮುಂದಿನಿಂದ ನನಗಷ್ಟೇ ಕೇಳುವಂತೆ ಅಂದಳು: "ಊರ ಮಂದಿ ಎಲ್ಲಾ ಕೂಡಿ ನಕ್ಕೋತ ಕುಂತಿದ್ರು. ಅಷ್ಟಕ್ಕ ಬಿಡಬಾರದಿತ್ತೇನೋ?"

ಮಾಮಾ ಅಂಗಿ ತೊಟ್ಟು ಹೊರಬಂದರು. "ನಡಿ. ನಿಮ್ಮ ಹುಬ್ಬಳ್ಳ್ಯಾವ್ರಿಗೆ ಹೆಸರು ಬೇಕಂತಿದ್ದಿಲ್ಲ?"

ಯಲಬುರ್ಗಾದ ಅಂಚೆ ಕಚೇರಿಯಲ್ಲಿ ಲೈನು ಸಿಗುವ ತನಕ ಬೆಂಚಿನ ಮೇಲೆ ಕೂತೆವು. ಸಿಕ್ಕಾಗ ನಾನು ನಡೆದದ್ದನ್ನೆಲ್ಲ ಒದರಿದೆ. ಆಮೇಲೆ ಮಾಮಾ ರಿಸೀವರ್ ತೆಗೆದುಕೊಂಡು ತಮ್ಮ ಹೆಸರು, ಶಾಲೆ, ಊರು ಎಲ್ಲವನ್ನೂ ಉಕ್ತಲೇಖನ ಹೇಳಿಸುವಂತೆ ಬಿಡಿಸಿ ಬಿಡಿಸಿ ಹೇಳಿದರು. ಆ ಕಡೆಯ ಎಲೆ ಅಡಿಕೆಯ ಬಾಯಿ ಏನೋ ಕೇಳಿತು. ರಿಸೀವರಿನಿಂದ ನನಗೂ ಕೇಳಿಸಿತು.

"ಮುಂಗಡ ಕೊಟ್ಟಾವ್ರ ಪೈಕಿ ಏನ್ರಿ ನೀವು?"

"ಅಲ್ರಿ. ಇಸಗೊಂಡಾಂವ."

ನಾನು ರಿಸೀವರ್ ಕಿತ್ತುಕೊಳ್ಳಲು ಹೋದೆ. ಕೊಟ್ಟಾವ್ರ ಪೈಕಿ ಅಂತ ಅನ್ರಿ ಮಾಮಾ, ಯಾರಿಗೂ ತಿಳಿಯುವುದಿಲ್ಲ ಎಂದು ಸನ್ನೆ ಮಾಡಿದೆ. ಅವರ ದನಿಯಲ್ಲಿ ನಾನೇ ಹೇಳಿಬಿಡಬಹುದಿತ್ತು, ಉಪಸಂಪಾದಕರಿಗೆ ಗೊತ್ತಾಗುತ್ತಿರಲಿಲ್ಲ. ಮಾಮಾ ನನಗೆ ಬೆನ್ನು ತಿರುಗಿಸಿ ನಿಂತರು.

"ಹಂಗ ಬರ್ಕೋರಿ," ಎಂದರು. "ಇಸಗೊಂಡಾಂವ ಅಂತನ ಬರ್ಕೋರಿ. ಕೊಟ್ಟಾವ್ರು ಊರಾಗ ಅದಾರ."

ಸುದ್ದಿ ದೊಡ್ಡದಾಗಿ ಬಂತು. ತಲೆಬರಹ ಕೊಟ್ಟವರು ಹುಬ್ಬಳ್ಳಿಯವರು. ವ್ಯಾಪಾರಿಯ ಅಂಗಡಿಯ ಹೆಸರು ಆರನೇ ಸಾಲಿನಲ್ಲಿತ್ತು, ಶಿಕ್ಷಕ ಎಂಬ ಪದ ತಲೆಬರಹದಲ್ಲಿತ್ತು. ಕುಷ್ಟಗಿ, ಯಲಬುರ್ಗಾದಲ್ಲಿ ಮುಂಗಡ ಕೊಡಲು ನಿಂತಿದ್ದವರು ಕೈ ಹಿಂದಕ್ಕೆ ತೆಗೆದುಕೊಂಡರು. ಹೋಟೆಲುಗಳಲ್ಲಿ ನನ್ನ ಬೆನ್ನು ಚಪ್ಪರಿಸಿ, ಇನ್ನೊಮ್ಮೆ ಕೆಮ್ಮು ಎಂದರು. ಪತ್ರಿಕೆಯವರು ನನ್ನನ್ನು ಕಾಯಂ ಮಾಡಿದ ಪತ್ರ ಕಳಿಸಿದರು. ಅದೇ ವಾರ ಶಿಕ್ಷಣ ಇಲಾಖೆಯವರು, ಪತ್ರಿಕೆಯಲ್ಲಿ ಬಂದ ವರದಿಯ ಮೇಲಿಂದ, ಮಾಮಾನನ್ನು ಅಮಾನತು ಮಾಡಿದರು.

ಗಂಗಾವತಿಯ ಆ ಅಂಗಡಿಯ ಶಟರ್ ಎಳೆದದ್ದು ಮತ್ತೆ ಮೇಲೇಳಲಿಲ್ಲ. ಪೊಲೀಸರು ಬಂದು ನೋಡಿ ಹೋದರು. ಮಾಮಾ ದಿನಾ ಬೆಳಿಗ್ಗೆ ಮಂಗಳೂರಿನಿಂದ ಬಸ್ಸು ಹಿಡಿದು ಬಂದು ಅದರ ಮೆಟ್ಟಿಲ ಮೇಲೆ ಕೂರತೊಡಗಿದರು. ಪಕ್ಕದ ಅಂಗಡಿಯವರಿಗೆ ಮೊದಲು ನಗು, ಆಮೇಲೆ ಬೇಸರ, ಆಮೇಲೆ ರೂಢಿಯಾಯಿತು. ಒಂದು ದಿನ ಭತ್ತದ ದರ ಕೇಳಲು ಹೊರಟವನು ನಾನೂ ಅವರ ಪಕ್ಕದಲ್ಲಿ ಕೂತೆ.

"ಮನಿಗೆ ನಡೀರಿ ಮಾಮಾ. ಅವ ಬರಂಗಿಲ್ಲ."

"ನನಗೂ ಗೊತ್ತೈತಿ."

"ಮತ್ತ ಇಲ್ಲ್ಯಾಕ ಕುಂದ್ರತೀರಿ?"

"ಊರಾಗಿನ ಮಂದಿ ಇವತ್ತಲ್ಲ ನಾಳೆ ಅಂಗಡೀತನಾ ಬಂದು ಬಾಗಿಲಾ ನೋಡ್ತಾರ. ಬಂದಾಗ ಇಲ್ಲಿ ಯಾರೂ ಇಲ್ಲಂದ್ರ ಹೆಂಗ?"

ನೀರಿನ ಗಾಡಿಯೊಂದು ರಸ್ತೆಗೆ ನೀರು ಚಿಮುಕಿಸುತ್ತ ಹೋಯಿತು. ನಾವಿಬ್ಬರೂ ಕಾಲು ಮೇಲೆತ್ತಿಕೊಂಡೆವು. ಅದು ದಾಟಿದ ಮೇಲೆ ಕಾಲು ಕೆಳಗಿಟ್ಟೆವು. ಭತ್ತದ ದರ ಆ ದಿನ ನಾನು ಕಳಿಸಲಿಲ್ಲ.